ಬಿರಟೆ ಮರದ ಕೆಳಗಿನ ದೀಪ

ಪುಣೆಯ ಖಡಕಿಯ ಸಂಜೆಯ ಚೆಲುವು ನೋಡಬೇಕಾದರೆ ದೀಪಾವಳಿಯ ಹೊತ್ತಿಗೆ ಬರಬೇಕು ಎನ್ನುತ್ತಾರೆ. ನನ್ನನ್ನು ಕೇಳಿದರೆ ಹಬ್ಬ ಮುಗಿದು ವಾರವೊಂದು ಕಳೆಯಲಿ ಎನ್ನುತ್ತೇನೆ. ಅಷ್ಟರಲ್ಲಿ ಮಾಲೆದೀಪಗಳ ಗದ್ದಲ ಇಳಿದಿರುತ್ತದೆ. ಕಾರ್ತಿಕ ಹುಣ್ಣಿಮೆಯವರೆಗೆ ಇರಲೆಂದು ಬಿಟ್ಟ ಆಕಾಶಬುಟ್ಟಿ ಅಲ್ಲೊಂದು ಇಲ್ಲೊಂದು ತೂಗುತ್ತಿರುತ್ತದೆ. ಸೂರ್ಯ ಆರು ಗಂಟೆಯ ಆಸುಪಾಸಿನಲ್ಲೇ ಮುಳುಗುವ ದಿನಗಳು ಅವು. ಕ್ಯಾಂಟೋನ್ಮೆಂಟಿನ ಹಳೆಯ ಬಂಗಲೆಗಳ ಕಂಪೌಂಡಿನಲ್ಲಿ ಬಿರಟೆ ಮರ ಹೂ ಬಿಟ್ಟಿರುತ್ತದೆ. ನಾವು ಆಕಾಶಮಲ್ಲಿಗೆ ಎನ್ನುವ ಇದನ್ನು ಇಲ್ಲಿಯ ಮರಾಠಿ ಮಂದಿ ಬೂಚ್ ಎನ್ನುತ್ತಾರೆ. ಉದ್ದನೆಯ ಕೊಳವೆಯ ತುದಿಗೆ ಬಿಳಿ ಎಸಳು, ಮೇಣದಂಥ ನುಣುಪು. ಅರಳುವುದು ರಾತ್ರಿ, ಉದುರುವುದು ಬೆಳಗಿನ ಜಾವ. ಆ ಪರಿಮಳವನ್ನು ಕತ್ತಲೆಯಲ್ಲಿ ನಿಂತು ಸವಿದವರಿಗೆ ಗೊತ್ತು, ಮರದ ಬುಡಕ್ಕೆ ಐವತ್ತು ವಾಟಿನ ಬಿಳಿ ಫ್ಲಡ್‌ಲೈಟ್ ನೆಟ್ಟ ಮನೆಯವರು ಏನು ಕಳೆದುಕೊಂಡಿದ್ದಾರೆ ಎಂದು.

ಮನೆಯ ಹೊರಗೆ ಉರಿಯುವ ದೀಪಗಳಲ್ಲಿ ಎರಡು ಜಾತಿ. ಒಂದು ತನ್ನನ್ನೇ ತೋರಿಸಿಕೊಳ್ಳಲು ಉರಿಯುತ್ತದೆ: ತುಳಸಿಕಟ್ಟೆಯ ಗೂಡಿನ ಹಣತೆ, ಆಕಾಶಬುಟ್ಟಿ, ಗುಡಿಯ ಮುಂದಿನ ದೀಪಮಾಲೆಯ ಕಲ್ಲುಗಂಬ. ಅದರ ಬೆಳಕಿನಲ್ಲಿ ಯಾರೂ ಕೀಲಿಕೈ ಹುಡುಕುವುದಿಲ್ಲ. ಇನ್ನೊಂದು ಬೇರೆಯದನ್ನು ತೋರಿಸಲು ಉರಿಯುತ್ತದೆ: ಮೆಟ್ಟಿಲು, ಗೇಟಿನ ಅಗಳಿ, ಕಲ್ಲು ಹಾಸಿದ ದಾರಿಯ ಅಂಚು, ಮರದ ತೊಗಟೆ. ಈ ಎರಡನೆಯ ಜಾತಿಯ ದೀಪ ಕಣ್ಣಿಗೆ ಬೀಳಬಾರದು, ಬೆಳಕಷ್ಟೇ ಬೀಳಬೇಕು. ನಮ್ಮ ಹೊರಾಂಗಣಗಳ ಅಂದಗೇಡಿತನವೆಲ್ಲ ಹುಟ್ಟುವುದು ಈ ಎರಡನ್ನೂ ಕಲಸಿದ್ದರಿಂದ. ಹಣತೆಗೆ ಸಲ್ಲಬೇಕಾದ ಜಾಗದಲ್ಲಿ ಮಿಣಮಿಣ ಬಣ್ಣ ಬದಲಿಸುವ ಪ್ಲಾಸ್ಟಿಕ್ ಬುಗ್ಗೆ. ದಾರಿಗೆ ಬೀಳಬೇಕಾದ ಬೆಳಕು ದಾರಿಹೋಕನ ಕಣ್ಣಿಗೆ.

ಖಡಕಿಯಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಒಂದು ಕಾರಣವಿದೆ. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆದದ್ದು ಇಲ್ಲಿ. ಆಮೇಲೆ ಇದು ದಂಡಿನ ಊರಾಯಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಅದರ ಸುತ್ತ ಬೆಳೆದ ಬಜಾರಿನಲ್ಲಿ ಇವತ್ತಿಗೂ ವಿಜಯಪುರ, ಕಲಬುರಗಿ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಮದ್ದಿರುವ ಕಡೆ ದೀಪದ ವಿಚಾರದಲ್ಲಿ ಚೆಲ್ಲಾಟ ಸಲ್ಲದು. ಮರದ ಯುದ್ಧನೌಕೆಗಳ ಕಾಲದಲ್ಲಿ ಮದ್ದಿನ ಕೋಣೆಯೊಳಗೆ ದೀಪ ಒಯ್ಯುವಂತೆಯೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಪುಟ್ಟ ಕೋಣೆ, ನಡುವಿನ ಗೋಡೆಯಲ್ಲಿ ಗಾಜು. ದೀಪ ಆಚೆ, ಬೆಳಕು ಈಚೆ. ಭಯದಿಂದ ಹುಟ್ಟಿದ ಈ ಏರ್ಪಾಡು ತೋಟದ ದೀಪಕ್ಕೆ ಅಕ್ಷರಶಃ ಒಪ್ಪುತ್ತದೆ. ಉರಿಯುವ ಬಿಂದುವನ್ನು ಮರೆಮಾಡಿ, ಅದು ಮುಟ್ಟಿದ ವಸ್ತುವನ್ನು ಮಾತ್ರ ಕಾಣಗೊಡಿ.

ಮರೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ದೀಪದ ಮೇಲೊಂದು ಟೋಪಿ, ಬಾಯಿ ಕೆಳಕ್ಕೆ, ಎತ್ತರ ಮೊಣಕಾಲಿನ ಮಟ್ಟ. ಕತ್ತಲೆಗೆ ಪೂರಾ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಹೊಂದಿಕೊಂಡ ಕಣ್ಣಿಗೆ ಹುಣ್ಣಿಮೆಯ ಬೆಳಕೇ ಸಾಕು. ಬೆಳಕಿನ ಅಳತೆಯ ಲೆಕ್ಕದಲ್ಲಿ ಅದು ಕಾಲು ಲಕ್ಸ್ ಅಷ್ಟೇ. ಮಟಮಟ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್. ಕಾಲಿಗೂ ಲಕ್ಷಕ್ಕೂ ನಡುವೆ ಎಲ್ಲಿ ಬೇಕಾದರೂ ಕೆಲಸ ಮಾಡಬಲ್ಲ ಅಂಗವನ್ನು ತಲೆಯಲ್ಲಿಟ್ಟುಕೊಂಡು, ಹತ್ತು ಹೆಜ್ಜೆಯ ಕಾಲುದಾರಿಗೆ ನಾವು ಕ್ರಿಕೆಟ್ ಮೈದಾನದ ದೀಪ ಹಾಕುತ್ತೇವೆ. ದಾರಿಯ ಮೇಲೆ ಐದು ಲಕ್ಸ್ ಬಿದ್ದರೆ ಹಬ್ಬ. ಅದಕ್ಕೆ ಎರಡು ಮೂರು ವಾಟಿನ ಎಲ್‌ಇಡಿ ಧಾರಾಳ.

ಕಳ್ಳರ ಭಯ ಎನ್ನುವಿರಿ. ಭಯ ಸುಳ್ಳಲ್ಲ. ಆದರೆ ಕಂಪೌಂಡ್ ಗೋಡೆಯ ಮೇಲಿಂದ ಕಣ್ಣಿಗೆ ರಾಚುವ ಫ್ಲಡ್‌ಲೈಟಿನ ಹಿಂದೆ, ಪಕ್ಕದಲ್ಲಿ, ಗಿಡದ ಬುಡದಲ್ಲಿ ಬೀಳುವ ನೆರಳು ಎಷ್ಟು ಗಾಢವೆಂದರೆ ಅಲ್ಲಿ ಒಬ್ಬ ಕುಳಿತು ಬೀಡಿ ಸೇದಿ ಎದ್ದು ಹೋದರೂ ತಿಳಿಯದು. ಓಡಾಟ ಕಂಡೊಡನೆ ಹೊತ್ತಿಕೊಳ್ಳುವ ಸೆನ್ಸರ್ ದೀಪ ಇದಕ್ಕಿಂತ ಎಷ್ಟೋ ವಾಸಿ. ಇಡೀ ರಾತ್ರಿ ಉರಿಯುವ ದೀಪವನ್ನು ಯಾರೂ ತಿರುಗಿ ನೋಡುವುದಿಲ್ಲ. ಥಟ್ಟನೆ ಹೊತ್ತಿದ್ದನ್ನು ನೆರೆಯವರೂ ನೋಡುತ್ತಾರೆ. ಬೀದಿನಾಯಿಗಳಿಗೂ ಅದು ಹೊತ್ತುತ್ತದೆ ನಿಜ. ಸೆನ್ಸರನ್ನು ಸೊಂಟದ ಮಟ್ಟಕ್ಕಿಂತ ಮೇಲಿನದ್ದನ್ನು ಮಾತ್ರ ನೋಡುವಂತೆ ಓರೆ ಮಾಡಿದರೆ ನಾಯಿಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಬಣ್ಣ. ರಸಿಕನಾದವನು ನಿಧಾನಿಸಬೇಕಾದ ಜಾಗ ಇದು.

ಪುಣೆಯಲ್ಲಿ ವಿದ್ಯುತ್ ಸಾಮಾನಿಗೆ ಬುಧವಾರ ಪೇಠದ ತಪಕೀರ್ ಗಲ್ಲಿ; ನಮ್ಮ ಬೆಂಗಳೂರಿಗೆ ಎಸ್.ಪಿ. ರಸ್ತೆ ಇದ್ದ ಹಾಗೆ. ಅಲ್ಲಿ ಹೊರಗಿನ ದೀಪ ಕೇಳಿದರೆ ಅಂಗಡಿಯವರ ಕೈ ತಾನಾಗಿ 6500 ಕೆಲ್ವಿನ್, ಎಂದರೆ ನೀಲಿಬಿಳುಪು ಬೆಳಕಿನ, ಡಬ್ಬಿಯ ಕಡೆ ಹೋಗುತ್ತದೆ. ಬಿಳಿಯದ್ದೇ ಹೆಚ್ಚು ಬೆಳಕು ಎಂಬುದು ಅವರ ನಂಬಿಕೆ, ಗಿರಾಕಿಯ ನಂಬಿಕೆಯೂ. ಸ್ವಲ್ಪ ಸತ್ಯವೂ ಇದೆ. ಬಿಳಿ ಎಲ್‌ಇಡಿ ಹುಟ್ಟುವುದೇ ನೀಲಿಯಾಗಿ. ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು. ಲೇಪ ಗಟ್ಟಿಯಾದಷ್ಟೂ ಬೆಳಕು ಬೆಚ್ಚಗೆ, ಆ ದಾರಿಯಲ್ಲಿ ಅಷ್ಟಿಷ್ಟು ಲ್ಯೂಮೆನ್ ನಷ್ಟ. ಆದರೆ ಆ ನಷ್ಟ ನೂರಕ್ಕೆ ಐದೋ ಹತ್ತೋ. ಮೂರು ವಾಟಿನ ದೀಪದಲ್ಲಿ ನೂರಕ್ಕೆ ಹತ್ತು ಉಳಿಸಲು ಹೋಗಿ ಇಡೀ ತೋಟವನ್ನು ಆಸ್ಪತ್ರೆಯ ಕಾರಿಡಾರು ಮಾಡುವುದು ಮಿತವ್ಯಯವಲ್ಲ.

ಮೇಣದ ಬತ್ತಿಯ ಬಣ್ಣ ಸುಮಾರು 1900 ಕೆಲ್ವಿನ್. ಹಳೆಯ ತಂತಿಬಲ್ಬು 2700. ಈ ಎರಡರ ನಡುವೆ, 2200ರಿಂದ 2700ರವರೆಗೆ, ಮನೆಯ ಹೊರಗಿನ ಬೆಳಕಿನ ಸೀಮೆ ಎಂದು ನನ್ನ ತೀರ್ಮಾನ. 3000 ಕೂಡ ನಡೆದೀತು. ಬೆಳದಿಂಗಳಿನ ಬಣ್ಣ ಎಂದು ಡಬ್ಬಿಯ ಮೇಲೆ ಮುದ್ರಿಸಿದ ನೀಲಿಬಿಳುಪನ್ನು ನಂಬಬೇಡಿ. ಬೆಳದಿಂಗಳು ಎಂದರೆ ಚಂದ್ರನ ಮೈಮೇಲೆ ಬಿದ್ದು ಹೊರಳಿದ ಬಿಸಿಲು. ಅಳೆದರೆ ಅದು ಬಿಸಿಲಿಗಿಂತ ತುಸು ಹಳದಿಯೇ, 4100 ಕೆಲ್ವಿನ್ನಿನ ಆಸುಪಾಸು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಮರೆತು ನೀಲಿಯತ್ತ ವಾಲುವುದರಿಂದ ಅದು ನೀಲಿಯಾಗಿ ಕಾಣುತ್ತದೆ. ಇದು ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ 19ನೆಯ ಶತಮಾನದಲ್ಲೇ ಗುರುತಿಸಿದ ಸಂಗತಿ. ಕಣ್ಣಿನೊಳಗಿನ ನೀಲಿಯನ್ನು ಬಲ್ಬಿಗೆ ತುಂಬಿ ಮಾರಿದರೆ ಹುಣ್ಣಿಮೆಯಾಗುವುದಿಲ್ಲ.

ಕೆಲ್ವಿನ್ನಿನ ಜತೆಗೆ ಡಬ್ಬಿಯ ಹಿಂದೆ ಇನ್ನೊಂದು ಅಂಕೆ ಇರುತ್ತದೆ, ಸಿ.ಆರ್.ಐ. ಎಂದು. ವಸ್ತುವಿನ ಬಣ್ಣವನ್ನು ಬೆಳಕು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ನೂರಕ್ಕೆ ಇಷ್ಟು ಎಂದು. ರಸ್ತೆಗಳ ಹಳೆಯ ಹಳದಿ ಸೋಡಿಯಂ ದೀಪಗಳದ್ದು ಇಪ್ಪತ್ತೈದರ ಸುತ್ತಮುತ್ತ. ಅದರ ಕೆಳಗೆ ದಾಸವಾಳ ಕಂದಿದ ಇಟ್ಟಿಗೆಯಾಗುತ್ತಿತ್ತು, ಹೆಂಗಸರ ಕೆಂಪು ಸೀರೆ ಮಣ್ಣಿನ ಬಣ್ಣಕ್ಕೆ ಇಳಿಯುತ್ತಿತ್ತು. ಅಗ್ಗದ ಎಲ್‌ಇಡಿಗಳು ಎಂಬತ್ತರವರೆಗೆ ಬರುತ್ತವೆ. ಬಾಗಿಲ ಬಳಿಯ ಒಂದೇ ಒಂದು ದೀಪಕ್ಕಾದರೂ ತೊಂಬತ್ತರದ್ದನ್ನು ತನ್ನಿ. ಬಂದವರ ಮುಖ, ಕೈಯಲ್ಲಿರುವ ಹೂವಿನ ಬಣ್ಣ, ಹೊಸ್ತಿಲ ಕುಂಕುಮ ಎಲ್ಲ ಅದರಲ್ಲಿ ತಮ್ಮ ನಿಜಬಣ್ಣದಲ್ಲಿರುತ್ತವೆ. ಮಿಕ್ಕ ಕಡೆ ಎಂಬತ್ತು ಸಾಕು.

ಪುಣೆಯ ಹಳೆಯ ಕಟ್ಟಡಗಳ ಕಪ್ಪುಕಲ್ಲು ಬೆಳಕನ್ನು ನುಂಗುವ ಕಲ್ಲು. ಎದುರಿನಿಂದ ಎಷ್ಟು ಸುರಿದರೂ ಅದು ಕರಿಯ ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುತ್ತದೆ. ಅದೇ ಒಂದು ಪುಟ್ಟ ದೀಪವನ್ನು ಗೋಡೆಗೆ ಗೇಣಷ್ಟು ಹತ್ತಿರ, ಮೇಲಿನಿಂದ ಕೆಳಕ್ಕೆ ಗೋಡೆಯ ಮೈ ಸವರಿಕೊಂಡು ಹೋಗುವಂತೆ ಇಟ್ಟು ನೋಡಿ. ಉಳಿ ತಾಕಿದ ಒಂದೊಂದು ಗುರುತೂ ಎದ್ದು ಬರುತ್ತದೆ. ಕಲ್ಲಿನ ಸಾಲುಗಳ ನಡುವಿನ ಸುಣ್ಣದ ಗೆರೆ, ಒಡೆದ ಮೂಲೆ, ಮಳೆಗಾಲದ ಪಾಚಿಯ ಮಖಮಲ್ಲು. ಎರಡೇ ವಾಟಿನಲ್ಲಿ ಕಲ್ಲುಕುಟಿಗನ ಕೈ ಕಾಣುತ್ತದೆ.

ಮರಕ್ಕೂ ಒಂದು ಉಪಾಯವಿದೆ, ಕೆಳಗಿನಿಂದ ಮೇಲಕ್ಕೆ ಹೊಡೆಯುವುದಕ್ಕಿಂತ ಸಾವಿರ ಪಾಲು ಮೇಲು. ಎತ್ತರದ ಕೊಂಬೆಯಲ್ಲಿ ಮೂರು ವಾಟಿನ ಬೆಚ್ಚನೆಯ ದೀಪ ಕಟ್ಟಿ, ಬಾಯಿ ನೆಲಕ್ಕೆ ತಿರುಗಿಸುವುದು. ಮೊಳೆ ಹೊಡೆಯಬಾರದು; ಮರ ದಪ್ಪವಾಗುತ್ತ ಹೋಗುವುದಕ್ಕೆ ಸಡಿಲವಿರುವ ಅಗಲ ಪಟ್ಟಿಯಿಂದ ಬಿಗಿಯಬೇಕು. ಗಾಳಿ ಬೀಸಿದಾಗ ಎಲೆಯ ನೆರಳು ಅಂಗಳದಲ್ಲಿ ಓಡಾಡುತ್ತದೆ. ರಂಗೋಲಿ ಹಾಕಿದ ಅಂಗಳವಾದರೆ ಚುಕ್ಕಿಗಳ ಮೇಲೆ ನೆರಳಿನ ಇನ್ನೊಂದು ಎಳೆ. ರಾತ್ರಿ ಹತ್ತರ ಮೇಲೆ ಅದನ್ನು ಆರಿಸಿಬಿಡಿ, ಹಕ್ಕಿಗಳು ಮಲಗಬೇಕು.

ದೀಪದ ಮೈಯ ವಿಷಯಕ್ಕೆ ಬಂದರೆ, ಪುಣೆಯ ಕಸಬಾ ಪೇಠದಲ್ಲಿ ತಾಂಬಟ್ ಆಳಿ ಎಂಬ ಓಣಿ ಇದೆ. ಪೇಶ್ವೆಯರ ಕಾಲದಿಂದ ತಾಮ್ರ ಬಡಿಯುವವರ ಕೇರಿ. ಹಂಡೆ, ಬಿಂದಿಗೆಗಳ ಬೇಡಿಕೆ ಕುಗ್ಗಿದ ಮೇಲೆ ಅಲ್ಲಿಯ ಕುಶಲಿಗರ ಕೈ ದೀಪದ ಬುರುಡೆಗಳಿಗೂ ಹೊರಳಿದೆ. ಸುತ್ತಿಗೆಯ ಒಂದೊಂದು ಪೆಟ್ಟೂ ತಾಮ್ರದ ಮೇಲೆ ಒಂದು ಪುಟ್ಟ ತಗ್ಗು ಬಿಡುತ್ತದೆ; ಮಠಾರ್ ಕೆಲಸ ಎಂದು ಅದಕ್ಕೆ ಹೆಸರು. ಟೋಪಿಯಂಥ ತಾಮ್ರದ ಬುರುಡೆಯ ಒಳಮೈಯಲ್ಲಿ ಆ ಸಾಲು ಸಾಲು ತಗ್ಗುಗಳಿಗೆ ಬೆಳಕು ತಾಗಿ ಕೆಳಗೆ ಬೀಳುವಾಗ ಅದರ ಹೊಂಬಣ್ಣ ತಾನಾಗಿ ಒಂದು ಛಾಯೆ ಕೆಂಪಾಗಿರುತ್ತದೆ. ಎರಡು ಮಳೆಗಾಲ ಹೊರಗಿದ್ದರೆ ಹೊರಮೈ ಕಂದುತ್ತದೆ, ಅಂಚಿನಲ್ಲಿ ಹಸಿರು ಕಿಲುಬು ಕೂರುತ್ತದೆ. ಕೆಲವರು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಪೂಜೆಯ ತಂಬಿಗೆಗೆ ಸರಿ, ಹೊರಗಿನ ದೀಪಕ್ಕೆ ಬೇಡ. ಆ ಕಿಲುಬು ವಯಸ್ಸಿನ ಅಲಂಕಾರ. ಹಿಂದಿನ ಅರವತ್ತು ವಾಟಿನ ಬಲ್ಬು ಇಂಥ ಬುರುಡೆಯನ್ನು ಕೈಯಿಡಲಾಗದಷ್ಟು ಕಾಯಿಸುತ್ತಿತ್ತು. ತಂತಿಬಲ್ಬು ಕುಡಿದ ವಿದ್ಯುತ್ತಿನಲ್ಲಿ ಬೆಳಕಾಗುತ್ತಿದ್ದದ್ದು ನೂರರಲ್ಲಿ ಐದೋ ಹತ್ತೋ ಪಾಲು, ಮಿಕ್ಕದ್ದೆಲ್ಲ ಬಿಸಿ. ಕಾಗದದ ಆಕಾಶಬುಟ್ಟಿಯೊಳಗೆ ಬಲ್ಬು ಇಳಿಬಿಡುವಾಗ ಕಾಗದ ಸುಟ್ಟೀತೆಂಬ ಆತಂಕ ಎಲ್ಲ ಮನೆಗಳಲ್ಲೂ ಇತ್ತು. ಈಗ ಆ ಆತಂಕ ಇಲ್ಲ. ಬಿದಿರುಕಡ್ಡಿ, ಗಾಳಿಪಟದ ಕಾಗದ, ಬಾಳೆನಾರು, ಬಟ್ಟೆ, ಯಾವುದರೊಳಗಾದರೂ ಮೂರು ವಾಟು ಕೂರುತ್ತದೆ. ಮಿತವ್ಯಯದ ದೀಪ ಬಂದದ್ದರಿಂದ ಕಸೂತಿಯಂಥ ನಾಜೂಕು ಕೆಲಸಕ್ಕೆ ಮತ್ತೆ ಬಾಗಿಲು ತೆರೆಯಿತು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಲೆಕ್ಕವನ್ನೂ ಮಾಡಿಬಿಡೋಣ. ಗೇಟಿನ ಎರಡು ಕಂಬಗಳ ಮೇಲೆ ಅರವತ್ತು ವಾಟಿನ ಒಂದೊಂದು ಹಳೆಯ ಬಲ್ಬು, ಸಂಜೆ ಆರರಿಂದ ಬೆಳಗಿನ ಆರರವರೆಗೆ ಎಂದರೆ ತಿಂಗಳಿಗೆ 43 ಯೂನಿಟ್. ಅವೇ ಕಂಬಗಳ ಮೇಲೆ ಮೂರು ವಾಟಿನ ಎಲ್‌ಇಡಿ ಆದರೆ 2 ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ರಾತ್ರಿ ಹತ್ತಕ್ಕೆ ಟೈಮರ್ ಆರಿಸಿದರೆ ಮುಕ್ಕಾಲು ಯೂನಿಟ್. ಇಲ್ಲಿಯ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ನೂರು ಯೂನಿಟ್ ದಾಟಿದೊಡನೆ ದರ ಏರುತ್ತದೆಯಾದ್ದರಿಂದ, ಹೀಗೆ ಉಳಿದ ನಲವತ್ತು ಯೂನಿಟ್ಟಿನ ಬೆಲೆ ಬರಿಯ ನಲವತ್ತರದ್ದಲ್ಲ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾದ ಮೇಲೆ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿಕೆಯಾದವು. ಸರ್ಕಾರ ಸಗಟಾಗಿ ಕೊಳ್ಳುವ ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು ಎರಡೇ ವರ್ಷದಲ್ಲಿ 38ಕ್ಕೆ ಇಳಿಯಿತು. ಒಳ್ಳೆಯ ಕೆಲಸ, ಸಂದೇಹವಿಲ್ಲ. ಅಗ್ಗವಾದ ಮೇಲೆ ನಾವು ಮಾಡಿದ್ದೇನೆಂದರೆ, ಒಂದು ದೀಪವಿದ್ದ ಕಡೆ ಐದು ಹಾಕಿದೆವು, ಅದೂ ಬೆಳ್ಳಗೆ, ಅದೂ ಬೆಳಗಿನವರೆಗೆ. ಉಳಿತಾಯ ಬಲ್ಬಿನಲ್ಲಿದ್ದರೂ ಸ್ವಿಚ್ಚು ನಮ್ಮ ಕೈಯಲ್ಲಿದೆ.

ಸೋಲಾರ್ ಬಗ್ಗೆ ಕೇಳುವವರು ಬಹಳ. ಕ್ಯಾಂಟೋನ್ಮೆಂಟಿನ ಹಳೆಯ ಬಂಗಲೆಗಳಲ್ಲಿ ಅದಕ್ಕೊಂದು ವಿಶೇಷ ಅನುಕೂಲವಿದೆ: ನೆಲ ಅಗೆದು ತಂತಿ ಎಳೆಯಬೇಕಿಲ್ಲ. ಓಲ್ಡ್ ಗ್ರಾಂಟ್ ಜಾಗಗಳಲ್ಲಿ ನೆಲ ರಕ್ಷಣಾ ಇಲಾಖೆಯದು, ಮೇಲಿನ ಕಟ್ಟಡ ಮಾತ್ರ ಮನೆಯವರದು; ಕಟ್ಟಡದಲ್ಲಿ ಏನು ಬದಲಿಸಬೇಕಿದ್ದರೂ ಅನುಮತಿಯ ದಾರಿ ಉದ್ದ. ನೆಲಕ್ಕೆ ಚುಚ್ಚಿ ನಿಲ್ಲಿಸುವ ಸೋಲಾರ್ ದೀಪಕ್ಕೆ ಆ ರಗಳೆ ಇಲ್ಲ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸಹ್ಯಾದ್ರಿಯ ಮೋಡ ಇಲ್ಲಿಯ ಆಕಾಶ ಬಿಟ್ಟು ಕದಲುವುದಿಲ್ಲ. ದೊಡ್ಡ ಮರದ ನೆರಳಿನಲ್ಲಿ ಅಂಗೈಯಗಲದ ಪ್ಯಾನೆಲ್ ಹೊತ್ತ ದೀಪ ಎಂಟು ಗಂಟೆಗೇ ತೂಕಡಿಸುತ್ತದೆ. ಪ್ಯಾನೆಲ್ಲನ್ನು ಬೇರೆಯಾಗಿ ಮಾಳಿಗೆಯ ಮೇಲಿಟ್ಟು ತಂತಿಯಿಂದ ದೀಪ ನಡೆಸುವ ಬಗೆ ಬರುತ್ತದೆ, ಕೊಳ್ಳುವುದಾದರೆ ಅದನ್ನು ಕೊಳ್ಳಿ. ತಂತಿ ಎಳೆಸುವವರು 12 ವೋಲ್ಟಿನ ದೀಪಗಳನ್ನೇ ಆರಿಸಲಿ. ಒದ್ದೆ ನೆಲದಲ್ಲಿ 230 ವೋಲ್ಟ್ ಹರಿಯುವುದು ಒಳ್ಳೆಯದಲ್ಲ. ಮೇನ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ಎಂದು ಎಲೆಕ್ಟ್ರಿಷಿಯನ್ ಬಳಿ ಕೇಳಿ. ಧೂಳು, ನೀರು ತಡೆಯುವ ಅಂಕೆ ಬಯಲಲ್ಲಿ ನಿಲ್ಲುವ ದೀಪಕ್ಕೆ ಐ.ಪಿ. 65 ಇರಲಿ, ಪಡಸಾಲೆಯ ಸೂರಿನಡಿ 44 ನಡೆಯುತ್ತದೆ.

ನಮ್ಮ ಬೀದಿಯಲ್ಲಿ ವಿಜಯಪುರದ ಕಡೆಯ ಒಬ್ಬ ಹಿರಿಯಕ್ಕ ಇದ್ದಾರೆ. ಮಗ ಗೇಟಿಗೆ, ಮಾಳಿಗೆಗೆ, ಹಿತ್ತಲಿಗೆ ಎಂದು ದೀಪಗಳ ಪಟ್ಟಿ ಹಿಡಿದು ನಿಂತಾಗ ಅವರು ಕೇಳಿದ್ದು ಇಷ್ಟೇ: “ಇಷ್ಟ ಬೆಳಕಾದ್ರ ತುಳಸವ್ವನ ದೀಪ ಯಾರಿಗೆ ಕಾಣ್ತದಪಾ?” ಬೆಳಕಿನ ವಿನ್ಯಾಸಕರು ದುಡ್ಡು ಪಡೆದು ಹೇಳಿಕೊಡುವ ಪಾಠದ ಅರ್ಧ ಈ ಪ್ರಶ್ನೆಯಲ್ಲಿದೆ. ಅತಿ ಮಂದವಾದ ದೀಪ ಯಾವುದೋ ಅದಕ್ಕೆ ಮಿಕ್ಕ ದೀಪಗಳು ದಾರಿ ಬಿಡಬೇಕು. ಕಸಬಾ ಪೇಠದ ಕುಂಬಾರವಾಡದಿಂದ ತಂದ ಮಣ್ಣಿನ ಹಣತೆ ತುಳಸಿಯ ಗೂಡಿನಲ್ಲಿ ಮಿನುಗುವುದು ಕಾಣಬೇಕಾದರೆ ಅದರ ಸುತ್ತ ನಾಲ್ಕು ಮೊಳ ಕತ್ತಲೆ ಬೇಕು. ಆ ಮನೆಯಲ್ಲಿ ಈಗ ತುಳಸಿಕಟ್ಟೆಯ ಕಡೆಗೆ ಒಂದೂ ಕರೆಂಟಿನ ದೀಪವಿಲ್ಲ.

ಹುಳುಗಳಿಗೂ ಪಾಲಿದೆ. ಮೊದಲ ಮಳೆಯ ಸಂಜೆ ರೆಕ್ಕೆಗೆದ್ದಲು ಎದ್ದಾಗ ಬಿಳಿ ದೀಪದ ಕೆಳಗೆ ಬೆಳಿಗ್ಗೆ ಗುಡಿಸಿದಷ್ಟು ರೆಕ್ಕೆ. ಪತಂಗಗಳು ದೀಪವನ್ನು ಚಂದ್ರನೆಂದು ತಿಳಿದು ದಾರಿ ತಪ್ಪುತ್ತವೆ ಎಂದು ಬಹುಕಾಲ ನಂಬಿದ್ದರು. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅತಿವೇಗದ ಕ್ಯಾಮೆರಾದಲ್ಲಿ ಅವುಗಳ ಹಾರಾಟ ಹಿಡಿದು ಬೇರೆಯದನ್ನೇ ಕಂಡಿತು. ಹಾರುವ ಹುಳ ತನ್ನ ಬೆನ್ನನ್ನು ಬೆಳಕಿನತ್ತ ತಿರುಗಿಸುತ್ತದೆ. ಬೆಳಕಿರುವ ದಿಕ್ಕೇ ಆಕಾಶ ಎಂಬುದು ಕೋಟ್ಯಂತರ ವರ್ಷಗಳ ಅಭ್ಯಾಸ. ನಮ್ಮ ದೀಪ ಪಕ್ಕದಲ್ಲಿದ್ದರೆ ಅದು ಪಕ್ಕಕ್ಕೆ ವಾಲಿ ಸುತ್ತುತ್ತದೆ, ಕೆಳಗಿದ್ದರೆ ಮಗುಚಿ ಬೀಳುತ್ತದೆ. ಮರದ ಬುಡದಿಂದ ಮೇಲಕ್ಕೆ ಹೊಡೆಯುವ ದೀಪ ಎಷ್ಟು ಕ್ರೂರ ಎಂಬುದು ಇದರಿಂದ ತಿಳಿಯುತ್ತದೆ. ಬೆಚ್ಚನೆಯ, ನೀಲಿ ಕಡಿಮೆಯ ಬೆಳಕಿಗೆ ಅವು ಬರುವುದು ಕಡಿಮೆ. ರಾತ್ರಿ ಅರಳುವ ಆಕಾಶಮಲ್ಲಿಗೆಯ ಆ ಉದ್ದನೆಯ ಕೊಳವೆಗೆ ನಾಲಗೆ ಚಾಚುವವು ಇವೇ ಪತಂಗಗಳು.

ಖಡಕಿಯಿಂದ ಕೂಗಳತೆಯ ದೂರದಲ್ಲಿ, ಗಣೇಶಖಿಂಡದ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ, 1988ರಲ್ಲಿ ಜಯಂತ ನಾರ್ಳೀಕರರು ಕಟ್ಟಿದ ಖಗೋಳವಿಜ್ಞಾನದ ಕೇಂದ್ರ ಅಯೂಕಾ ಇದೆ. ನಕ್ಷತ್ರಗಳ ಲೆಕ್ಕ ನಡೆಯುವುದು ಇಲ್ಲಿ; ನಕ್ಷತ್ರಗಳನ್ನು ನೋಡುವ ಅದರ ಎರಡು ಮೀಟರಿನ ದೂರದರ್ಶಕ ಇರುವುದು ಜುನ್ನರ್ ಬಳಿಯ ಗಿರಾವಲಿಯಲ್ಲಿ, ಸುಮಾರು ಎಂಬತ್ತು ಕಿಲೋಮೀಟರ್ ಆಚೆ. ನಗರದ ಬೆಳಕು ಮುಟ್ಟದ ಆಕಾಶ ಬೇಕೆಂದರೆ ಅಷ್ಟು ದೂರ ಹೋಗಬೇಕು. ಇದೇ ಮಹಾರಾಷ್ಟ್ರದ ಪೇಂಚ್ ಹುಲಿ ಸಂರಕ್ಷಿತ ಪ್ರದೇಶ 2024ರ ಜನವರಿಯಲ್ಲಿ ಭಾರತದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಎನಿಸಿಕೊಂಡಿತು. ಕತ್ತಲೆಗೂ ಮಾನ್ಯತಾಪತ್ರ ಬೇಕಾದ ಕಾಲ. ನಮ್ಮ ಗೇಟಿನ ಮೂರು ವಾಟಿಗೆ ಟೋಪಿ ಹಾಕಿದರೆ ಖಡಕಿಯ ಮೇಲೆ ಆಕಾಶಗಂಗೆ ಕಾಣುವುದಿಲ್ಲ, ಅಷ್ಟು ಆಸೆ ನನಗಿಲ್ಲ. ಎದುರು ಮನೆಯ ಅಜ್ಜನ ಮಲಗುವ ಕೋಣೆಯ ಕಿಟಕಿಗೆ ಬೆಳಕು ಹೊಡೆಯುವುದು ನಿಂತರೆ ಸಾಕು.

ಹಾಗಾಗಿ ಕೊಳ್ಳಲು ಹೊರಡುವ ಮುನ್ನ ಒಂದು ಸಂಜೆ ಹೊರಗಿನ ದೀಪಗಳನ್ನೆಲ್ಲ ಆರಿಸಿ, ಅರ್ಧ ಗಂಟೆ ಕಟ್ಟೆಯ ಮೇಲೆ ಕುಳಿತು, ಆಮೇಲೆ ಅಂಗಳದಲ್ಲಿ ಅಡ್ಡಾಡಿ ನೋಡಿ. ಕಾಲು ಎಲ್ಲಿ ಅನುಮಾನಿಸುತ್ತದೋ ಅಲ್ಲಿಗೆ ಮಾತ್ರ ದೀಪ ಬೇಕು. ನಾಲ್ಕಕ್ಕಿಂತ ಹೆಚ್ಚು ಕಡೆ ಬೇಕೆನಿಸಿದರೆ ಇನ್ನೊಮ್ಮೆ ಅಡ್ಡಾಡಿ. ಅಂಗಡಿಯಲ್ಲಿ ವಾಟು ಕೇಳಬೇಡಿ, ಕೆಲ್ವಿನ್ ಕೇಳಿ. 2700 ಇಲ್ಲ, ಬಿಳಿಯದ್ದೇ ಒಯ್ಯಿರಿ ಎಂದರೆ ಪಕ್ಕದ ಅಂಗಡಿಗೆ ಹೋಗಿ.